ಕಟ್ಟಿದ ಬ್ರೇಕು

ಲಿಫ್ಟಣ್ಣ ಬ್ಯಾಟರಿ ಜೋಡಿಸುತ್ತಿದ್ದದ್ದು ಊಟದ ಮೇಜಿನ ಮೇಲೆ. ಸತ್ತ ಲ್ಯಾಪ್‌ಟಾಪ್‌ಗಳ ಹೊಟ್ಟೆ ಬಗೆದು ತೆಗೆದ ಬೆರಳುದ್ದದ ಸೆಲ್ಲುಗಳು ಉಪ್ಪಿನ ಡಬ್ಬಿಯ ಪಕ್ಕ ಸಾಲಾಗಿ ನಿಂತಿದ್ದವು. ಒಂದೆರಡು ಸೋರಿದ್ದವು. ಅವುಗಳ ಬುಡದಲ್ಲಿ ಬಿಳಿಯ ಹುಡಿ ಕಟ್ಟಿ, ಉಗುರುಬಣ್ಣದ ಬಾಟಲಿ ತೆರೆದಿಟ್ಟಂತೆ ಸಿಹಿ ವಾಸನೆ ಬರುತ್ತಿತ್ತು. ಬೆಸುಗೆಯ ಸೀಸವನ್ನು ಅವನು ಕರಗಿಸುತ್ತಿದ್ದ ಚಮಚವನ್ನು ತಂಗಿ ಗುರುತಿಸಿದಳು. ಹೋದ ಸಲ ಬಂದಾಗ ಅವಳ ಟೀಗೆ ಸಕ್ಕರೆ ಕದಡಿದ್ದು ಅದೇ ಚಮಚ.

"ಕೂತ್ಕೋ ಪುಟ್ಟಿ," ಅಂದ ಲಿಫ್ಟಣ್ಣ, ತಲೆ ಎತ್ತದೆ.

ಕೂರಲು ಜಾಗವಿರಲಿಲ್ಲ. ಒಂದು ಕುರ್ಚಿಯ ಮೇಲೆ ಜಿಡ್ಡು ಮೆತ್ತಿದ ಹಲ್ಲುಚಕ್ರಗಳು, ಇನ್ನೊಂದರ ಮೇಲೆ ಬಾಗಿಲಿಲ್ಲದ ಮೈಕ್ರೋವೇವ್, ಅದರೊಳಗೆ ಅಣ್ಣನ ಒಗೆದ ಬನಿಯನ್ನುಗಳು. ಒಗೆದವು ಎಂದು ಅತ್ತಿಗೆ ಹೇಳಿದ್ದರಿಂದ ನಂಬಬೇಕು. ತಂಗಿ ಬಾಗಿಲಿಗೆ ಒರಗದಂತೆ ಎಚ್ಚರ ವಹಿಸಿ ಬಾಗಿಲಲ್ಲೇ ನಿಂತಳು.

ಪುಟ್ಟಿಗೆ ಐವತ್ತು ದಾಟಿತ್ತು. ಮನೆಯ ಹೊರಗೆ ಅವಳನ್ನು ಯಾರೂ ಪುಟ್ಟಿ ಎನ್ನುತ್ತಿರಲಿಲ್ಲ, ಸೂಜಿಯಮ್ಮ ಎನ್ನುತ್ತಿದ್ದರು. ಬೆಳಗ್ಗೆ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವುದು ಅವಳ ಕೆಲಸ. ಉಗುರನ್ನು ಚರ್ಮಕ್ಕೆ ತಾಗುವಷ್ಟು ಕತ್ತರಿಸಿಕೊಳ್ಳುತ್ತಿದ್ದಳು. ಪ್ರತಿ ಮನೆಯಲ್ಲೂ ಒಳಗೆ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಕೈ ತೊಳೆಯುತ್ತಿದ್ದಳು. ರಕ್ತ, ಕಫ, ಮೂತ್ರ, ಮುಚ್ಚಳ ಬಿಗಿಯಾಗಿರುವ ಯಾವುದರ ಬಗ್ಗೆಯೂ ಅವಳಿಗೆ ಹೇಸಿಗೆ ಇರಲಿಲ್ಲ. ಮುಚ್ಚಳವಿಲ್ಲದ್ದನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅಣ್ಣನ ಮನೆಗೆ ಮುಚ್ಚಳವೇ ಇರಲಿಲ್ಲ.

ಆದರೂ ಬಂದಿದ್ದಳು, ಬೇರೆ ದಾರಿ ಇರಲಿಲ್ಲ. ಅವಳ ಪಾಲಿನ ಮನೆಗಳಲ್ಲಿ ಮುಕ್ಕಾಲು ಪಾಲು ಗುಡ್ಡದ ಮೇಲಿನ ಬಡಾವಣೆಯಲ್ಲಿದ್ದವು. ಹೆಚ್ಚಿನವರು ವಯಸ್ಸಾದವರು. ಅವರ ರಕ್ತವನ್ನು ಬರಿಹೊಟ್ಟೆಯಲ್ಲೇ ತೆಗೆಯಬೇಕು. ಅಪ್ಪನ ಹಳೆಯ ಸೈಕಲ್ಲಿನಲ್ಲಿ ಇಷ್ಟು ವರ್ಷ ಅವಳು ಆ ಏರನ್ನು ತುಳಿದು ಹತ್ತಿದ್ದಳು. ಈಗ ಮಂಡಿ ಕೈಕೊಟ್ಟಿತ್ತು. ಸೈಕಲ್ಲನ್ನು ತಳ್ಳಿಕೊಂಡು ಹತ್ತುವಷ್ಟರಲ್ಲಿ ಕೊನೆಯ ಮನೆಗಳವರು ಹಸಿವು ತಾಳಲಾರದೆ ತಿಂದುಬಿಡುತ್ತಿದ್ದರು. ಲ್ಯಾಬಿನ ಹೊಸ ಮ್ಯಾನೇಜರ್, ಎಲ್ಲರಿಗೂ ಮೇಡಂ ಎನ್ನುವ ಮೆತ್ತಗಿನ ಹುಡುಗ, ಮೆತ್ತಗೇ ಹೇಳಿದ್ದ: ಗುಡ್ಡವನ್ನು ಬೈಕ್ ಇರುವವರಿಗೆ ಕೊಡೋಣ, ನೀವು ಹಿಂದಿನ ಕೋಣೆಯಲ್ಲಿ ಕೂತು ಡಬ್ಬಿಗಳಿಗೆ ಚೀಟಿ ಅಂಟಿಸಿ, ಆರಾಮಾಗಿರುತ್ತೆ. ಗುಡ್ಡ ಹೋದರೆ ಅವಳ ಕೆಲಸದಲ್ಲಿ ಉಳಿಯುವುದು ಸಂಬಳ ಮಾತ್ರ. ಅವಳು ಸ್ವಲ್ಪ ಸಮಯ ಕೇಳಿದ್ದಳು. ಬೈಕ್ ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಧೈರ್ಯವೂ ಇರಲಿಲ್ಲ. ಸೈಕಲ್ಲಿಗೆ ಮೋಟಾರು ಹಾಕಿಸಿದರೆ ಹೇಗೆ ಎಂದು ಅಂಗಡಿಯಲ್ಲಿ ವಿಚಾರಿಸಿದ್ದಳು. ಅವರು ಹೇಳಿದ ದರಕ್ಕೆ ಅಪ್ಪನ ಸೈಕಲ್ಲಿನಂಥವು ಒಂದು ಡಜನ್ ಬರುತ್ತಿದ್ದವು.

"ಅಂಗಡಿ ಯಾಕೆ? ನಾನು ಸತ್ತಿದೀನಾ?" ಎಂದಿದ್ದ ಲಿಫ್ಟಣ್ಣ.

ಕೆಲಸದಲ್ಲಿದ್ದಷ್ಟು ಕಾಲ ಅವನು ಲಿಫ್ಟ್ ರಿಪೇರಿ ಮಾಡಿದವನು. ನಿವೃತ್ತನಾದ ಮೇಲೆ ಆ ಕಾಲದಲ್ಲಿ ಗುಡ್ಡೆ ಹಾಕಿದ್ದ ಬಿಡಿಭಾಗಗಳ ನಡುವೆ ಬದುಕುತ್ತಿದ್ದ. ಮನೆಯಲ್ಲಿ ಏನನ್ನೂ ಎಸೆಯುವಂತಿರಲಿಲ್ಲ. ತುಂಡಾದ ತಂತಿ, ಒಣಗಿದ ಪೆನ್ನು, ಅವನದೇ ಹಳೆಯ ಹಲ್ಲು ಸೆಟ್ಟು, ಎಲ್ಲಕ್ಕೂ ಒಂದು ದಿನ ಬರುತ್ತದೆ ಎಂಬುದು ಅವನ ನಂಬಿಕೆ.

"ನನ್ನೊಬ್ಬಳನ್ನ ಇನ್ನೂ ಬಿಡಿಭಾಗ ಮಾಡಿಲ್ಲ, ನೋಡು," ಎಂದಳು ಅತ್ತಿಗೆ, ಅಡುಗೆಮನೆಯಿಂದ ಇಣುಕಿ. "ನನ್ನ ಊಟದ ಡಬ್ಬಿ ಹೋಯ್ತು. ಬ್ಯಾಟರಿಗೆ ಗೂಡಂತೆ. ಮುಂದಿನ ಸರದಿ ನನ್ನದೇ."

"ಸ್ಟೀಲು. ಒಳ್ಳೇ ಸ್ಟೀಲು," ಎಂದ ಲಿಫ್ಟಣ್ಣ. "ಈಗಿನ ಡಬ್ಬಿಗಳಲ್ಲಿ ಎಲ್ಲಿದೆ ಇಂಥದ್ದು?"

"ನೀವು ಅದರಲ್ಲಿ ಬ್ಯಾಟರಿ ಹಾಕಿಡೋಕೆ ಮುಂಚೆ ಅದ್ರಲ್ಲಿ ಅನ್ನ ಇರ್ತಿತ್ತು, ಅದೂ ಒಳ್ಳೇದೇ."

ತಂಗಿಯ ಕಣ್ಣು ಮೇಜಿನ ಕೆಳಗೆ ಹೋಯಿತು. ಅಲ್ಲೊಂದು ಹಳದಿ ಸ್ಪಂಜಿನ ದಿಂಡು ಬಿದ್ದಿತ್ತು. ಅಂಚು ಕಚ್ಚಿ ಕಿತ್ತಂತೆ ಹರಿದಿತ್ತು, ಮೈತುಂಬ ಕಂದು ಕಲೆ.

"ಅದೇನಣ್ಣ?"

"ಸೆಲ್ಲಿನ ಸುತ್ತ ಇಡೋಕೆ. ಡಬ್ಬಿಗೆ ತಾಗಬಾರದಲ್ಲ. ಲಿಫ್ಟಿನ ಮೋಟಾರು ಕೋಣೆಯ ಬೆಂಚಿನದು."

"ಯಾವ ಮೋಟಾರು ಕೋಣೆ?"

"ಯಾವುದೋ ಕಟ್ಟಡದ ಮೇಲಿನದು. ಯಾಕೆ, ವಿಳಾಸ ಬೇಕಾ?"

ಹೊಸ ಸ್ಪಂಜು ತಾನೇ ತಂದುಕೊಡುತ್ತೇನೆ ಎಂದಳು. ಇರುವುದನ್ನು ಬಿಟ್ಟು ಹೊಸದು ತರುವವರ ಬಗ್ಗೆ ಲಿಫ್ಟಣ್ಣ ಮಾಡಿದ ಭಾಷಣವನ್ನು ಕೇಳಿಸಿಕೊಂಡು, ಆ ಮಾತನ್ನು ಅಲ್ಲಿಗೇ ಬಿಟ್ಟಳು. ಅತ್ತಿಗೆ ಕೊಟ್ಟ ಟೀಯನ್ನು ಕುಡಿದಂತೆ ಮಾಡಿ, ಹೋಗುವಾಗ ಗಿಡದ ಬುಡಕ್ಕೆ ಸುರಿದಳು. ಆ ಗಿಡವೂ ಒಡೆದ ಸ್ವಿಚ್ ಪೆಟ್ಟಿಗೆಯಲ್ಲಿ ಬೆಳೆದದ್ದು.

*

ಕೆಲಸ ಕೆಟ್ಟದಾಗಿತ್ತು ಎನ್ನುವಂತಿರಲಿಲ್ಲ. ಸೈಕಲ್ಲು ಎತ್ತರದ ಕಪ್ಪು ಸೈಕಲ್ಲು, ಚೈನಿಗೆ ಪೂರ್ತಿ ಕವಚ, ಬ್ರೇಕಿಗೆ ತಂತಿಯ ಬದಲು ಉದ್ದನೆಯ ಸರಳುಗಳು. ಊಟ ತಲುಪಿಸುವವರ ಮುರಿದ ಸೈಕಲ್ಲೊಂದರಿಂದ ಮೋಟಾರು ಬಂದಿತ್ತು. ಅದನ್ನು ಮುಂದಿನ ಚಕ್ರದ ನಡುವೆ ಕೂರಿಸಬೇಕು. ಮೋಟಾರಿನಲ್ಲಿ ಕಡ್ಡಿಗಳಿಗೆ ಮೂವತ್ತಾರು ತೂತು, ಅಪ್ಪನ ಸೈಕಲ್ಲಿನ ಮುಂದಿನ ರಿಮ್ಮಿನಲ್ಲಿ ಮೂವತ್ತೆರಡು. ಲಿಫ್ಟಣ್ಣ ಬೇರೆ ರಿಮ್ಮು ಹುಡುಕಿ ತಂದು, ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಚಕ್ರ ಅಲುಗದೆ ತಿರುಗುವಂತೆ ಮಾಡಿದ್ದ. ಮೋಟಾರಿನ ಅಚ್ಚು ಫೋರ್ಕಿನೊಳಗೆ ತಿರುಗಿಕೊಳ್ಳದಂತೆ ಲಿಫ್ಟಿನ ದಪ್ಪ ಉಕ್ಕಿನಿಂದ ಎರಡು ಪಟ್ಟಿ ಕೊಯ್ದು ಹಾಕಿದ್ದ.

ತೊಂದರೆ ಬ್ರೇಕಿನಲ್ಲಿತ್ತು. ಸರಳಿನ ಬ್ರೇಕು ರಿಮ್ಮಿನ ಒಳಮೈಗೆ ಒತ್ತುವಂಥದ್ದು, ಹೊಸ ರಿಮ್ಮಿಗೆ ಅದು ಕೂರಲಿಲ್ಲ. ಮುಂದಿನ ಬ್ರೇಕನ್ನು ಕಳಚಿದ. ಹಿಂದಿನದರ ಸರಳು ತುಕ್ಕು ಹಿಡಿದಿದೆ ಎಂದು ಅದನ್ನೂ ಕಳಚಿ ಮಂಚದ ಕೆಳಗೆ ಇಟ್ಟ. ಅವುಗಳ ಬದಲು ಹಿಂದಿನ ಚಕ್ರಕ್ಕೆ ತನ್ನದೇ ಬ್ರೇಕು ಹಾಕಿದ. ಅದನ್ನು ಅವನು ತೋರಿಸಿದ್ದು ಮದುಮಗಳ ಮುಸುಕು ಸರಿಸುವವನ ಹಾಗೆ.

"ಇದು ಹೋಟೆಲಲ್ಲಿ ಪಾತ್ರೆ ಸಾಗಿಸೋ ಸಣ್ಣ ಲಿಫ್ಟಿಂದು. ನೋಡು, ಈ ಸ್ಪ್ರಿಂಗು ಯಾವಾಗ್ಲೂ ಚಕ್ರಾನ ಹಿಡ್ಕೊಂಡೇ ಇರುತ್ತೆ. ಕೀಲಿ ತಿರುಗಿಸಿದ್ರೆ ಕರೆಂಟು ಬಂದು ಈ ಅಯಸ್ಕಾಂತ ಎಳೆದು ಬಿಡಿಸುತ್ತೆ. ಹಿಡಿ ಒತ್ತಿದ್ರೆ ಕರೆಂಟು ಕಟ್. ಸ್ಪ್ರಿಂಗು ಮತ್ತೆ ಹಿಡ್ಕೊಳ್ಳುತ್ತೆ."

"ಸ್ವಲ್ಪ ಸ್ವಲ್ಪ ಹಿಡಿಯೋಕೆ ಆಗಲ್ವಾ?"

"ಬ್ರೇಕ್ ಅಂದ್ಮೇಲೆ ಸ್ವಲ್ಪ ಏನೇ? ನಿಲ್ಲಬೇಕು ಅಂದ್ರೆ ನಿಲ್ಲಬೇಕು." ಎದೆಯ ಮೇಲೆ ಕೈಯಿಟ್ಟ. ಬನಿಯನ್ನಿನ ಮೇಲೆ ಐದು ಬೆರಳಿನ ಎಣ್ಣೆ ಗುರುತು ಮೂಡಿತು. "ಕರೆಂಟ್ ಹೋದ್ರೆ ಲಿಫ್ಟು ಬೀಳಬಾರದು. ಅದಕ್ಕೇ ಹೀಗೆ ಮಾಡಿರೋದು. ನನ್ನ ಕೈಕೆಳಗೆ ಒಂದೇ ಒಂದು ಬಿದ್ದಿಲ್ಲ, ಗೊತ್ತಾ?"

ಮನೆಮುಂದಿನ ಸಮತಟ್ಟಾದ ಬೀದಿಯಲ್ಲಿ ಅವಳು ಒಂದು ಸುತ್ತು ಹೊಡೆದಳು. ಮೋಟಾರು ಬೆಕ್ಕಿನಂತೆ ಗುರುಗುಟ್ಟಿತು, ಮಂಡಿ ನೋಯಲಿಲ್ಲ. ಹಿಡಿ ಒತ್ತಿದಾಗ ಸೈಕಲ್ಲು ಕಲ್ಲಿಗೆ ಬಡಿದಂತೆ ನಿಂತು, ಅವಳು ಸೀಟಿನಿಂದ ಜಾರಿದಳು. ರೂಢಿಯಾಗುತ್ತೆ ಎಂದ ಅಣ್ಣ. ಹಿಡಿಗಳಿಗೆ ಮೆತ್ತಿದ್ದ ಜಿಡ್ಡನ್ನು ಅವಳು ಮನೆಗೆ ಹೋಗಿ ಸ್ಪಿರಿಟ್ಟಿನಲ್ಲಿ ಒರೆಸಿದಳು. ಹತ್ತಿ ಕಪ್ಪಾಗುತ್ತಲೇ ಹೋಯಿತು. ಕೊನೆಗೆ ಅವಳೇ ಸೋತು ನಿಲ್ಲಿಸಿದಳು.

*

ಮರುದಿನ ಬೆಳಗ್ಗೆ ಗುಡ್ಡದ ಅರ್ಧ ದಾರಿ ಸುಖವಾಗಿ ಸಾಗಿತು. ಹಾಲಿನವನು ದಾರಿ ಬಿಟ್ಟು, "ಏನು ಸೂಜಿಯಮ್ಮ, ರೆಕ್ಕೆ ಬಂದಿದೆಯಲ್ಲ," ಎಂದ. ಅವಳು ನಕ್ಕಳು. ನಗುತ್ತಿದ್ದಾಗಲೇ ವಾಸನೆ ಬಂತು.

ಚರಂಡಿ ಇರಬಹುದು ಎಂದುಕೊಂಡಳು. ಮುಂದಿನ ತಿರುವಿನಲ್ಲೂ ಬಂತು. ಅದರ ಮುಂದಿನದರಲ್ಲೂ. ಏರು ಕಡಿದಾದಷ್ಟೂ ವಾಸನೆ ಹೆಚ್ಚುತ್ತಿತ್ತು. ಅವಳು ಮೂಗಿನಿಂದಲೇ ಗುರುತು ಹಿಡಿಯಬಲ್ಲವಳು. ಇಲಿಯ ಉಚ್ಚೆ. ಒಂದು ದಿನದ್ದಲ್ಲ, ಎಷ್ಟೋ ವರ್ಷ ಇಲಿಗಳ ತಲೆಮಾರುಗಳು ಹೊಯ್ದು ಒಣಗಿಸಿದ್ದು. ಏರಿನಲ್ಲಿ ಬ್ಯಾಟರಿ ಕಾವೇರಿದಂತೆ ಸ್ಪಂಜು ಬೆಚ್ಚಗಾಗಿ, ಒಣಗಿದ್ದೆಲ್ಲ ಮತ್ತೆ ಜೀವ ಪಡೆದಿತ್ತು. ಬ್ಯಾಟರಿಯ ಡಬ್ಬಿ ಇದ್ದದ್ದು ಕ್ಯಾರಿಯರಿನ ಮೇಲೆ. ಅದಕ್ಕೆ ಅಂಟಿಕೊಂಡೇ ರಕ್ತದ ನಳಿಕೆಗಳ ಚೀಲ. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಅವಳ ಸೀರೆ, ಕೂದಲು, ಬಾಯಿಯ ಎಂಜಲು ಕೂಡ ಅದೇ ರುಚಿಯಾಯಿತು. ಅವಳು ಪಕ್ಕಕ್ಕೆ ತಿರುಗಿ ಉಗುಳಿದಳು. ರಸ್ತೆಯಲ್ಲಿ ಉಗುಳುವವರನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವಳು.

ಆಮೇಲೆ ಮೋಟಾರು ನಿಂತಿತು. ಅದರ ಜೊತೆಗೇ ಹಿಂದಿನ ಚಕ್ರದಲ್ಲಿ ಟಕ್ ಎಂದು ಸದ್ದಾಯಿತು. ವೇಗ ಇರಲಿಲ್ಲವಾದ್ದರಿಂದ ಅವಳು ಬೀಳಲಿಲ್ಲ, ಕಾಲೂರಿದಳು. ಕೀಲಿ ತಿರುಗಿಸಿದಳು, ಏನೂ ಆಗಲಿಲ್ಲ. ತಳ್ಳಿಕೊಂಡೇ ಹೋದರಾಯಿತು ಎಂದು ಇಳಿದು ತಳ್ಳಿದಳು. ಸೈಕಲ್ಲು ಜಗ್ಗಲಿಲ್ಲ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಏನಾಗಿದೆ ಎಂಬುದು ಅವಳಿಗೆ ತಡವಾಗದೆ ಹೊಳೆಯಿತು. ಲಿಫ್ಟಿಗೆ ಕರೆಂಟು ಕಟ್ಟಡದಿಂದ ಬರುತ್ತದೆ, ಮುಗಿದುಹೋಗುವ ಮಾತಿಲ್ಲ. ಹಾಗಾಗಿ ಬ್ರೇಕನ್ನು ಬಿಡಿಸಿ ಹಿಡಿದಿರುವ ಅಯಸ್ಕಾಂತ ಎಷ್ಟು ಕರೆಂಟು ಕುಡಿದರೂ ಲಿಫ್ಟಿನವನು ಕೇಳುವುದಿಲ್ಲ. ಇಲ್ಲಿ ಅದು ಸತ್ತ ಲ್ಯಾಪ್‌ಟಾಪ್‌ಗಳ ಮುದಿ ಸೆಲ್ಲುಗಳನ್ನು ಗುಡ್ಡದ ಬುಡದಿಂದಲೂ ಹೀರುತ್ತ ಬಂದಿತ್ತು. ಸೆಲ್ಲು ಖಾಲಿಯಾದೊಡನೆ ಅಣ್ಣನ ಬ್ರೇಕು ತನ್ನ ಧರ್ಮ ಪಾಲಿಸಿತ್ತು. ಬೀಳದಂತೆ ಕಾಪಾಡಿತ್ತು.

ಮೇಲಿನ ಮನೆಗಳಲ್ಲಿ ಹಸಿದ ಮುದುಕರು ಗಡಿಯಾರ ನೋಡುತ್ತಿದ್ದರು. ಸೈಕಲ್ಲನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ, ಆ ಮಂಡಿಯಲ್ಲಿ ಚೀಲ ಹೊತ್ತು ಹತ್ತುವುದೂ ಆಗದ ಮಾತು. ಅವಳು ಕುಕ್ಕರಗಾಲಿನಲ್ಲಿ ಕೂರಲಾರದೆ ರಸ್ತೆಯ ಮೇಲೇ ಕುಂಡೆಯೂರಿದಳು. ಬ್ರೇಕು ಎಂದರೆ ಇಕ್ಕಳದಂತೆ ಚಕ್ರವನ್ನು ಕಚ್ಚಿದ್ದ ಎರಡು ತೋಳುಗಳು. ಅವುಗಳಿಗೆ ಎಣ್ಣೆ, ಎಣ್ಣೆಗೆ ಧೂಳು, ಧೂಳಿಗೆ ಯಾರದೋ ಕೂದಲು ಮೆತ್ತಿತ್ತು. ಕೈಗವಸು ಹಾಕಿಕೊಂಡಳು. ರಕ್ತ ತೆಗೆಯುವ ಮೊದಲು ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿಗಳು ಚೀಲದಲ್ಲಿದ್ದವು. ಬ್ರೇಕಿನ ಒಂದು ತೋಳನ್ನು ಕಾಲಿನಿಂದ ಒದ್ದು ಸರಿಸಿ, ಪಟ್ಟಿ ಸುತ್ತಿ, ಸೀಟಿನ ಕೆಳಗಿನ ಕಂಬಿಗೆ ಬಿಗಿದಳು. ಆಮೇಲೆ ಇನ್ನೊಂದು. ಸಡಿಲವಾದಂತೆ ಕಂಡಾಗ ಮೂರನೆಯ ಪಟ್ಟಿ ಸುತ್ತಿದಳು. ಬಿಗಿಯುವುದು ಅವಳ ಕಸುಬು. ಚಕ್ರ ಬಿಡುಗಡೆಯಾಯಿತು.

ತಳ್ಳಿಕೊಂಡು ಮೇಲೆ ಸೇರಿದಾಗ ಎರಡು ಮನೆಯವರು ತಿಂದಾಗಿತ್ತು. ಮೂರನೆಯ ಮನೆಯ ಅಜ್ಜಿ, ಸೂಜಿಯಮ್ಮನಿಗೆ ಮಾತ್ರ ನರ ಸಿಗುವ ಒಣಕಲು ಕೈಯವಳು, ಬಿಸ್ಕತ್ತಿನ ಡಬ್ಬಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಮುಟ್ಟದೆ ಕಾದಿದ್ದಳು.

"ನೀನು ಬರ್ತೀಯ ಅಂತ ಗೊತ್ತಿತ್ತು," ಎಂದು ಕೈ ಚಾಚಿದಳು. ಸೂಜಿಯಮ್ಮ ಬಾಗಿದೊಡನೆ ಆ ಕೈ ಹಿಂದಕ್ಕೆ ಹೋಯಿತು. ಬೇಕೆಂದು ಎಳೆದದ್ದಲ್ಲ, ತಾನಾಗಿ ಹೋಯಿತು. "ಏನೋ ನಾರ್ತಾ ಇದೆ ಕಣಮ್ಮ. ಏನಾದ್ರೂ ತುಳಿದ್ಯಾ?"

ಅಜ್ಜಿಯ ಸೊಸೆ ಕಿಟಕಿ ತೆರೆದಳು.

ಸೂಜಿಯಮ್ಮ ಆ ಮನೆಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ ತೊಳೆದಳು. ಕೂದಲನ್ನು ತೊಳೆಯುವಂತಿರಲಿಲ್ಲ. ಅಜ್ಜಿ ಮುಖವನ್ನು ಗೋಡೆಗೆ ತಿರುಗಿಸಿ ರಕ್ತ ಕೊಟ್ಟಳು.

ಇಳಿಯುವಾಗ ಮ್ಯಾನೇಜರ್ ಫೋನು ಮಾಡಿದ. "ಎರಡು ಮನೆಯವರು ತಿಂದುಬಿಟ್ಟಿದ್ದಾರಂತೆ ಮೇಡಂ. ಇನ್ನೊಬ್ರು ವಾಸನೆ ಅಂತಾರೆ. ವಾಸನೆ ಅಂದ್ರೆ ನನಗೆ ಅರ್ಥ ಆಗಲಿಲ್ಲ. ಅದೂ ನಿಮ್ಮ ಬಗ್ಗೆ." ಮೆತ್ತಗಿನ ದನಿಯಲ್ಲಿ ನಿಜವಾದ ಬೇಸರವಿತ್ತು. "ನಾಳೆ ಒಂದು ದಿನ ನೋಡೋಣ. ಆಮೇಲೆ ನನ್ನ ಕೈಲಿಲ್ಲ."

*

ಸಂಜೆ ಅವಳು ಸೈಕಲ್ಲನ್ನು ಅಣ್ಣನ ಮನೆಯ ಗೋಡೆಗೆ ಒರಗಿಸಿ, ಚಪ್ಪಲಿ ಬಿಡದೆ ಒಳಗೆ ಹೋದಳು. ಆ ಮನೆಯಲ್ಲಿ ಚಪ್ಪಲಿ ಬಿಟ್ಟರೇ ಕಾಲು ಕೊಳೆಯಾಗುವುದು.

"ಅಣ್ಣ, ಇಲಿ ಉಚ್ಚೆ ಸುತ್ತಿಕೊಟ್ಟಿದ್ದೀಯ ನನಗೆ."

"ಏನು?"

"ಆ ಸ್ಪಂಜು. ಜನ ನನ್ನಿಂದ ಕೈ ಎಳ್ಕೊಂಡರು. ಇಷ್ಟು ವರ್ಷದಲ್ಲಿ ಒಬ್ಬರೂ ಎಳ್ಕೊಂಡಿರಲಿಲ್ಲ."

"ಸ್ಪಂಜು ಒಣಗಿತ್ತಲ್ಲೇ."

"ನಾನು ಅವತ್ತೇ ಹೇಳಿದೆ," ಎಂದಳು ಅತ್ತಿಗೆ. "ಇವರ ಮೂಗೂ ಯಾವುದೋ ಕಟ್ಟಡದಿಂದ ಬಿಚ್ಚಿ ತಂದಿದ್ದು. ಕೆಲಸ ಮಾಡಲ್ಲ."

ಬ್ಯಾಟರಿ ಮುಗಿದದ್ದನ್ನೂ ಸೈಕಲ್ಲು ನಡುದಾರಿಯಲ್ಲಿ ಮೊಂಡುಹಿಡಿದದ್ದನ್ನೂ ಅವಳು ಹೇಳಿದಳು. ಲಿಫ್ಟಣ್ಣನ ಮುಖದಲ್ಲಿ ಪಶ್ಚಾತ್ತಾಪ ಕಾಣಲಿಲ್ಲ. ಗೆದ್ದ ಕಳೆ ಮೂಡಿತು.

"ನಿಂತಿತು ತಾನೇ? ಹಿಂದಕ್ಕೆ ಜಾರಲಿಲ್ಲ ತಾನೇ?"

"ಅಣ್ಣ, ಅದು ಸೈಕಲ್ಲು. ಕರೆಂಟು ಇಲ್ದಿದ್ರೆ ತಳ್ಕೊಂಡು ಹೋಗೋದೇ ಸೈಕಲ್ಲು."

"ಮತ್ತೆ ಹೇಗೆ ತಂದೆ ಇಲ್ಲಿಗೆ?"

ಅವಳು ಉತ್ತರಿಸುವ ಮುಂಚೆ ಅವನು ಹೊರಗೆ ಹೋಗಿದ್ದ. ಅವಳು ಬಾಗಿಲಿಗೆ ಬಂದು ನೋಡಿದಾಗ ಅಣ್ಣ ಹಿಂದಿನ ಚಕ್ರದ ಮುಂದೆ ಬಗ್ಗಿ ನಿಂತಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಕೊಳೆತ ಹೆಗ್ಗಣವನ್ನು ನೋಡುವವರು ಹಾಗೆ ನಿಲ್ಲುತ್ತಾರೆ. ಅವನ ಮುಖದಲ್ಲಿ ಅವಳು ಎಂದೂ ಕಾಣದ ಒಂದು ಭಾವವಿತ್ತು. ಅವಳ ಮುಖದಲ್ಲಿ ಅದು ಆ ಮನೆಗೆ ಬಂದಾಗಲೆಲ್ಲ ಇರುತ್ತಿತ್ತು.

"ಬ್ರೇಕ್ ಕಟ್ಟಿದ್ದೀಯ," ಎಂದ.

"ಇನ್ನೇನು ಮಾಡ್ಲಿ?"

"ಬ್ರೇಕ್ ಕಟ್ಟಿದ್ದೀಯ." ಅವನ ದನಿ ಇಳಿಯಿತು. "ಇಳಿಜಾರಲ್ಲಿ ಹೀಗೇ ಬಂದ್ಯಾ?"

"ನಡ್ಕೊಂಡು ಬಂದೆ."

"ನಡ್ಕೊಂಡು ಬಾ, ಹಾರ್ಕೊಂಡು ಬಾ. ಇದನ್ನ ಕಟ್ಟಬಾರದು." ಅವನು ಅವಳತ್ತ ನೋಡಲಿಲ್ಲ. "ನಮ್ಮಲ್ಲೊಬ್ಬ ಇದ್ದ. ಬ್ರೇಕು ಪದೇಪದೇ ಹಿಡಿಯುತ್ತೆ ಅಂತ ಮರದ ತುಂಡು ಸಿಕ್ಕಿಸಿ, ಮನೆಗೆ ಊಟಕ್ಕೆ ಹೋದ. ಲಿಫ್ಟಲ್ಲಿ ಯಾರೂ ಇರಲಿಲ್ಲ, ಏನೂ ಆಗಲಿಲ್ಲ. ಆದ್ರೂ ಆಮೇಲೆ ನಾವ್ಯಾರೂ ಅವನ ಜೊತೆ ಕೂತು ಊಟ ಮಾಡಲಿಲ್ಲ. ಅವನು ಮುಟ್ಟಿದ ಸ್ಪಾನರು ಮುಟ್ಟಲಿಲ್ಲ."

ಅವಳಿಗೆ ಉರಿಯಿತು. ಸೀಸದ ಚಮಚದಲ್ಲಿ ಸಕ್ಕರೆ ಕದಡುವವನು, ಮೈಕ್ರೋವೇವಿನಲ್ಲಿ ಬನಿಯನ್ನು ಇಡುವವನು, ಮಡಿಯ ಪಾಠ ಹೇಳುತ್ತಿದ್ದ. ಆದರೆ ಅವನ ಮೂಗಿನ ಹೊಳ್ಳೆಗಳು ಅದುರುತ್ತಿದ್ದವು. ನಟನೆಯಲ್ಲ. ಅವನಿಗೆ ನಿಜವಾಗಿ ಓಕರಿಕೆ ಬರುತ್ತಿತ್ತು.

"ನಾಳೆ ಬೆಳಗ್ಗೆ ನಾನು ಮೇಲೆ ಹೋಗ್ಲೇಬೇಕು ಅಣ್ಣ. ತಪ್ಪಿದ್ರೆ ಗುಡ್ಡ ಹೋಗುತ್ತೆ. ಕಟ್ಟಬಾರದು ಅಂದ್ರೆ ಇದು ಇರಬಾರದು. ಹಿಂದಿನ ಚಕ್ರಕ್ಕೆ ಅಪ್ಪನ ಬ್ರೇಕ್ ಹಾಕು. ಮುಂದಿನದಕ್ಕೆ ಅಂಗಡಿಯಿಂದ ಹೊಸ ಕೇಬಲ್ ಬ್ರೇಕು ತಾ. ಹೊಸದು. ಸ್ಪಂಜೂ ಹೊಸದು."

ಅವನು ಮಂಚವಿದ್ದ ಕೋಣೆಯತ್ತ ನೋಡಿದ. "ಅಪ್ಪನ ಬ್ರೇಕಿಗೆ ಕೈ ಬಿಟ್ರೆ ಏನೂ ಹಿಡಿಯಲ್ಲ."

"ನಾನು ಕೈ ಬಿಡಲ್ಲ."

ಅತ್ತಿಗೆ ಆಗಲೇ ಅಂಗಡಿಗೆ ಹೊರಟಿದ್ದಳು. ಗಂಡ ಮನಸ್ಸು ಬದಲಿಸುವ ಮುಂಚೆ ಬೀದಿ ದಾಟಬೇಕೆಂಬ ನಡಿಗೆ.

ಲಿಫ್ಟಣ್ಣ ಮಂಚದ ಕೆಳಗಿನಿಂದ ಅಪ್ಪನ ಸರಳುಗಳನ್ನು ಎಳೆದು ತುಕ್ಕು ಉಜ್ಜಿದ. ತನ್ನ ಬ್ರೇಕನ್ನು ಕಳಚುವ ಮೊದಲು ರಬ್ಬರ್ ಪಟ್ಟಿಗಳನ್ನು ಬಿಚ್ಚಬೇಕಾಯಿತು. ಅವುಗಳನ್ನು ಎರಡೇ ಬೆರಳಲ್ಲಿ ಹಿಡಿದು, ಮೈಯಿಂದ ದೂರ ಚಾಚಿಕೊಂಡು, ಬೀದಿಯ ಕೊನೆಯವರೆಗೆ ನಡೆದು ಹೋಗಿ ಕಸದ ತೊಟ್ಟಿಗೆ ಎಸೆದ. ಒಳ್ಳೆಯ ಪಟ್ಟಿಗಳು. ಅವನು ಏನನ್ನಾದರೂ ಎಸೆದದ್ದನ್ನು ತಂಗಿ ನೋಡಿದ್ದು ಅದೇ ಮೊದಲು. ಹಿಂದಿರುಗಿ ಬಂದವನು ನಲ್ಲಿಯ ಮುಂದೆ ನಿಂತು ಸೋಪು ತೆಗೆದುಕೊಂಡು ಕೈ ತೊಳೆದ. ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟು. ಅವಳು ತೊಳೆಯುವ ಕ್ರಮದಲ್ಲೇ. ಕಪ್ಪು ನೊರೆ ಇಳಿಯುತ್ತ ಇಳಿಯುತ್ತ ಬೂದಾಗಿ, ಕೊನೆಗೆ ಬಿಳುಪಾಯಿತು. ಆ ಕೈಗಳ ನಿಜವಾದ ಬಣ್ಣ ಅವಳಿಗೆ ಮರೆತೇಹೋಗಿತ್ತು. ಆಮೇಲೆ ಅದೇ ಕೈಯಲ್ಲಿ ಅಪ್ಪನ ಸರಳುಗಳನ್ನು, ಅತ್ತಿಗೆ ತಂದ ಹೊಸ ಬ್ರೇಕನ್ನು, ಸ್ಪಂಜನ್ನು ಕೂರಿಸಿದ. ಹಳೆಯ ಸ್ಪಂಜನ್ನು ಮಾತ್ರ ಎಸೆಯದೆ ಮಂಚದ ಕೆಳಗೆ ತಳ್ಳಿದ.

ಕೆಲಸ ಮುಗಿದಾಗ ಅವಳಿಗೆ ಕೀಲಿ ಕೊಟ್ಟ. ಪುಟ್ಟಿ ಎಂದು ಕರೆಯಲಿಲ್ಲ.

*

ಮರುದಿನ ಅಯಸ್ಕಾಂತದ ಹೊರೆಯಿಲ್ಲದ ಬ್ಯಾಟರಿ ಗುಡ್ಡದ ತುದಿಯವರೆಗೂ ಬಂತು. ಅಪ್ಪನ ಬ್ರೇಕು ಕಿರುಗುಟ್ಟುತ್ತ, ಎಷ್ಟು ಒತ್ತಿದರೆ ಅಷ್ಟೇ ಹಿಡಿಯುತ್ತಿತ್ತು. ಮೊದಲ ಎರಡು ಮನೆಯವರು ಇನ್ನೂ ಹಲ್ಲುಜ್ಜುತ್ತಿದ್ದರು. ಇಷ್ಟು ಬೇಗ ಬಂದು ನಿದ್ದೆ ಕೆಡಿಸಿದಳೆಂದು ಗೊಣಗಿದರು. ಮೂರನೆಯ ಮನೆಯ ಅಜ್ಜಿ ಕೈ ಚಾಚುವ ಮೊದಲು ಮೂಗನ್ನು ಸ್ವಲ್ಪ ಮುಂದೆ ಮಾಡಿ ಗಾಳಿ ಎಳೆದಳು. ಮುಚ್ಚುಮರೆಯಿಲ್ಲದೆ, ನಾಯಿ ಮೂಸುವ ಹಾಗೆ. ಸೂಜಿಯಮ್ಮ ಕಾದು ನಿಂತಳು.

"ಹೂಂ," ಎಂದು ಅಜ್ಜಿ ಕೈ ಕೊಟ್ಟಳು. ಆದರೆ ಅವಳ ಸೊಸೆ ಕಿಟಕಿಯನ್ನು ಮೊದಲೇ ತೆರೆದಿಟ್ಟಿದ್ದಳು.

ಲ್ಯಾಬಿನಲ್ಲಿ ಮ್ಯಾನೇಜರ್ ನಳಿಕೆಗಳನ್ನು ಎಣಿಸಿ, ಗುಡ್ಡ ನಿಮ್ಮದೇ ಮೇಡಂ ಎಂದ. ಅವಳು ತಲೆಯಾಡಿಸಿ ಸೈಕಲ್ಲಿನ ಹತ್ತಿರ ಹೋಗಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಗ್ಗಿ ಬ್ರೇಕಿನ ಹಿಡಿಯನ್ನು ಮೂಸಿದಳು. ಅಣ್ಣನ ಮನೆಯ ಅಗ್ಗದ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಆದರೂ ಚೀಲದಿಂದ ಹತ್ತಿ ತೆಗೆದು ಸ್ಪಿರಿಟ್ಟಿನಲ್ಲಿ ಇನ್ನೊಮ್ಮೆ ಒರೆಸಿದಳು.